ಲೋಹರೋಧದ ಲೆಕ್ಕದಲ್ಲಿ ಕಂಪನಗಳ ಪಾಲು

ಶುದ್ಧ ಲೋಹದ ರೋಧವು ಉಷ್ಣತೆಯೊಡನೆ ಏರುವುದೇಕೆಂಬ ಪ್ರಶ್ನೆಗೆ ಬ್ಲಾಖ್ (1930) ಮತ್ತು ಗ್ರೂನೈಸೆನ್ (1933) ಇವರ ಸೂತ್ರವೇ ನಮ್ಮ ತರಗತಿಗಳ ಸಿದ್ಧ ಉತ್ತರವಾಗಿದೆ. ಹೆಚ್ಚಿನ ಉಷ್ಣತೆಯಲ್ಲಿ ರೋಧಕತೆ ನಿರಪೇಕ್ಷ ಉಷ್ಣತೆಯ ಅನುಪಾತದಲ್ಲಿಯೂ, ಅತಿ ಶೈತ್ಯದಲ್ಲಿ ಅದರ ಐದನೆಯ ಘಾತದ ಅನುಪಾತದಲ್ಲಿಯೂ ಇರುವುದೆಂದು ಅದು ವಿಧಿಸುತ್ತದೆ. ಸೂತ್ರದ ಸೊಗಸು ನಿರ್ವಿವಾದವಾದುದು. ಅದಕ್ಕಾಗಿ ತೆತ್ತ ಬೆಲೆಯನ್ನೂ ವಿಚಾರಿಸಬೇಕು.

ಡಿಬೈ ಮಾದರಿಯನ್ನು ಅಂಗೀಕರಿಸಿ, ಅದು ಅನುದೈರ್ಘ್ಯ ಕಂಪನಗಳನ್ನು ಮಾತ್ರ ಗಣಿಸುತ್ತದೆ. ಅಡ್ಡ ಕಂಪನಗಳು ಇಲೆಕ್ಟ್ರಾನನ್ನು ಚದರಿಸಲಾರವೆಂಬುದು ಸರಳ ಘರ್ಷಣೆಗೆ ಮಾತ್ರ ಸಲ್ಲುವ ಮಾತು. ಪೈಯರ್ಲ್ಸ್ ತೋರಿಸಿದ ಉಮ್‌ಕ್ಲಾಪ್ ಘರ್ಷಣೆಯಲ್ಲಿ ಅವಕ್ಕೂ ದೊಡ್ಡ ಪಾಲುಂಟು. ಡಿಬೈ ಉಷ್ಣತೆಯನ್ನು ಪ್ರಯೋಗಕ್ಕೆ ಹೊಂದಿಸಿಕೊಂಡಾಗ ಈ ಲೋಪ ಮರೆಯಾಗುತ್ತದೆ, ಪರಿಹಾರವಾಗುವುದಿಲ್ಲ.

ಪ್ರತಿಯೊಂದು ಕಂಪನ ವಿಧದ ಪಾಲನ್ನೂ ಬೇರೆಬೇರೆಯಾಗಿ ಗಣಿಸಿ ಕೂಡಿಸುವ ಇಂದಿನ ಕ್ರಮ ಇದಕ್ಕಿಂತ ಪ್ರಾಮಾಣಿಕವಾದುದು. ಸವ್ರಾಸೊವ್ ದ್ವಯರು 1996ರಲ್ಲಿ ಅಲ್ಯೂಮಿನಿಯಂ, ಸೀಸ ಮೊದಲಾದ ಲೋಹಗಳಿಗೆ ಹೊಂದಿಕೆಯ ಅಂಕವಿಲ್ಲದೆಯೇ ರೋಧಕತೆಯನ್ನು ಲೆಕ್ಕ ಹಾಕಿದರು. ಆದರೆ ಪಾಲುಗಳು ಹೀಗೆ ಸರಳವಾಗಿ ಕೂಡುವುದು ಮೊದಲ ಸನ್ನಿಕಟನದಲ್ಲಿ ಮಾತ್ರ. ಅಲ್ಲದೆ ಇಲ್ಲಿ ಫೋನಾನುಗಳು ಸಮತೋಲದಲ್ಲಿವೆಯೆಂಬ ಊಹೆಯುಂಟು. ಸುಮಾರು 2 ಕೆಲ್ವಿನ್ ಬಳಿ ಪೊಟ್ಯಾಸಿಯಂನ ಫೋನಾನ್‌ರೋಧವು ಐದನೆಯ ಘಾತಕ್ಕಿಂತ ವೇಗವಾಗಿ ಕುಸಿದು, ಆ ಊಹೆಯ ಮಿತಿಯನ್ನು ತೋರಿಸಿದೆ.

ಮೊತ್ತ ಸರಿಬಂದ ಮಾತ್ರಕ್ಕೆ ಬಿಡಿ ಲೆಕ್ಕಗಳೆಲ್ಲ ಸರಿಯೆಂದು ಹೇಳಲಾಗದು. ಮೊತ್ತದೊಡನೆ ಪಾಲುಗಳನ್ನೂ ಪರೀಕ್ಷಿಸುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕು.