ಕಲ್ಲಿಗೊಂದು ಚುಕ್ಕೆ ಸಾಕೇ? ಹಿರೀಸಾವೆ ಹೋಬಳಿಯ ನೆಪದಲ್ಲಿ

ಶಾಸನಗಳ ಡಿಜಿಟಲ್ ನಕ್ಷೆಗಳು ಈಗ ಸಾಕಷ್ಟು ಬರ್ತಿವೆ, ಸಂತೋಷ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ 2021ರಿಂದ ಕಲ್ಲುಗಳ ತ್ರೀಡಿ ಸ್ಕ್ಯಾನ್ ಮಾಡಿಸುತ್ತಿದೆ. ಬೇರೆ ಜಿಲ್ಲೆಗಳಲ್ಲೂ ಹವ್ಯಾಸಿಗಳು ಮೊಬೈಲ್ ಹಿಡಿದು ಹೊಲ ಸುತ್ತುತ್ತಿದ್ದಾರೆ. ಆದರೆ ನಕ್ಷೆಗೆ ಬಂದಾಗ ಎಲ್ಲರದ್ದೂ ಒಂದೇ ಪದ್ಧತಿ: ಒಂದು ಕಲ್ಲು, ಒಂದು ಚುಕ್ಕೆ. ನಡೆದ ದಾರಿಯ ಜಿಪಿಎಕ್ಸ್ ಕಡತ ಫೋನಿನಲ್ಲೇ ಉಳಿದು, ಫೋನ್ ಬದಲಾದಾಗ ಹೋಗಿಬಿಡುತ್ತೆ. ನನ್ನ ತಕರಾರು ಇದರ ಬಗ್ಗೆ.

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯನ್ನೇ ತಗೊಳ್ಳಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟ, ಅಂದರೆ ಹಾಸನ ಜಿಲ್ಲೆಯದು, ಅಚ್ಚಾದದ್ದು 1902ರಲ್ಲಿ. ಅದರಲ್ಲಿ ಕಲ್ಲಿನ ಜಾಗ ಹೇಳುವ ಕ್ರಮ ಗೊತ್ತಲ್ಲ: ಹೋಬಳಿ, ಊರು, ಆಮೇಲೆ ಗುಡಿಯ ಮುಂದೆ, ಕೆರೆಯ ಬಳಿ, ಇಂಥ ದಿಕ್ಕಿನ ಹೊಲದಲ್ಲಿ ಅಂತ. ಇದು ಸಂಬಂಧದ ಭಾಷೆ. ಶಾಸನದ ಒಳಗಿನ ಭಾಷೆಯೂ ಅದೇ. ದಾನಶಾಸನದ ಎಲ್ಲೆ ವಿವರ ಓದಿ ನೋಡಿ: ಮೂಡಲು ಇಂಥದ್ದು, ತೆಂಕಲು ಇಂಥದ್ದು, ನಟ್ಟ ಕಲ್ಲು, ಹುಣಸೆ ಮರ, ಹಳ್ಳ. ಯಾರೋ ಭೂಮಿಯ ಸುತ್ತ ಕ್ರಮವಾಗಿ ನಡೆದು ಬರೆಸಿದಂತಿದೆ. ನಮ್ಮ ಮಾತಲ್ಲಿ ಅದೊಂದು ಟ್ರ್ಯಾಕ್! ಲಿಂಗಮುದ್ರೆ ಕಲ್ಲು, ಮುಕ್ಕೊಡೆ ಕಲ್ಲುಗಳು ಆ ದಾರಿಯ ಮೈಲಿಗಲ್ಲುಗಳು. ಶ್ರವಣಬೆಳಗೊಳ ಪಕ್ಕದಲ್ಲೇ ಇರುವ ಈ ಸೀಮೆಯಲ್ಲಿ ಮುಕ್ಕೊಡೆ ಕಲ್ಲು ಕಂಡರೆ, ಅದರಿಂದ ಮುಂದಿನ ಕಲ್ಲಿಗೆ ಹೇಗೆ ಹೋದಿರಿ ಅನ್ನೋದು ಕಲ್ಲಿನಷ್ಟೇ ಮುಖ್ಯ.

ಹಾಗಾದ್ರೆ ಟ್ರ್ಯಾಕನ್ನು ಪೋಸ್ಟ್‌ಜಿಐಎಸ್‌ನಂಥ ದತ್ತಸಂಚಯಕ್ಕೆ ಸೇರಿಸಿದರೆ ಮುಗೀತಾ? ಅಲ್ಲೇ ಎಡವಟ್ಟು ಶುರು. ಓಜಿಆರ್ ಉಪಕರಣ ಒಂದು ಜಿಪಿಎಕ್ಸ್ ಕಡತದಲ್ಲಿ ಐದು ಪದರ ನೋಡುತ್ತೆ. ಬಹಳ ಜನ ‘ಟ್ರ್ಯಾಕ್ಸ್’ ಪದರ ಮಾತ್ರ ಎಳೆದುಕೊಳ್ಳುತ್ತಾರೆ, ಯಾಕಂದ್ರೆ ನಕ್ಷೆ ಮೇಲೆ ಗೆರೆ ಚೆಂದ ಕಾಣುತ್ತೆ. ಆ ಗೆರೆಯಲ್ಲಿ ಪ್ರತಿ ಬಿಂದುವಿನ ಸಮಯ ಇರೋದಿಲ್ಲ. ಸಮಯ ಉಳಿಯುವುದು ‘ಟ್ರ್ಯಾಕ್ ಪಾಯಿಂಟ್ಸ್’ ಪದರದಲ್ಲಿ. ಸಮಯ ಹೋದರೆ ಫೋಟೋ ಯಾವ ಬಿಂದುವಿನದು ಅಂತ ಹೊಂದಿಸೋದು ಹೇಗೆ? ಸಮಯ ಇದ್ದರೂ ಅದು ಯುಟಿಸಿ, ಕ್ಯಾಮೆರಾದಲ್ಲಿರುವುದು ನಮ್ಮ ಗಡಿಯಾರ. ಐದೂವರೆ ಗಂಟೆ ಕಳೆಯದಿದ್ದರೆ ಬೆಳಿಗ್ಗೆ 10ಕ್ಕೆ ಹಿರೀಸಾವೆಯಲ್ಲಿ ತೆಗೆದ ಕಲ್ಲಿನ ಫೋಟೋ, ಮಧ್ಯಾಹ್ನ 3.30ಕ್ಕೆ ನೀವು ಬೆಳಗೊಳದಲ್ಲಿ ನಿಂತಿದ್ದ ಬಿಂದುವಿಗೆ ಅಂಟಿಕೊಳ್ಳುತ್ತೆ.

ಅಕ್ಷಾಂಶ ರೇಖಾಂಶ ಅದಲು ಬದಲಾಗುವುದು ಇನ್ನೊಂದು. ಪೋಸ್ಟ್‌ಜಿಐಎಸ್‌ಗೆ ಮೊದಲು ರೇಖಾಂಶ ಬೇಕು. ತಿರುಗಿಸಿ ಕೊಟ್ಟರೆ ಹಿರೀಸಾವೆ ನಾರ್ವೆಯ ಉತ್ತರಕ್ಕೆ, ಸ್ವಾಲ್‌ಬಾರ್ಡ್ ಹತ್ತಿರದ ಸಮುದ್ರಕ್ಕೆ ಬೀಳುತ್ತೆ. ಇದು ಕಣ್ಣಿಗೆ ಹೊಡೆಯುವ ತಪ್ಪು, ಹಾಗಾಗಿ ಅಪಾಯವಿಲ್ಲ. ಅಪಾಯ ಇರೋದು ಕಣ್ಣಿಗೆ ಕಾಣದ ತಪ್ಪಿನಲ್ಲಿ. ಸಿಗ್ನಲ್ ಹೋದಾಗ ಅಥವಾ ಸಾಧನ ಆಫ್ ಆದಾಗ ಜಿಪಿಎಕ್ಸ್‌ನಲ್ಲಿ ಹೊಸ ತುಂಡು ಶುರುವಾಗಬೇಕು. ಆಮದು ಮಾಡುವವರು ತುಂಡುಗಳನ್ನು ಲೆಕ್ಕಿಸದೆ ಎಲ್ಲ ಬಿಂದುಗಳನ್ನೂ ಸಮಯದ ಪ್ರಕಾರ ಪೋಣಿಸಿ ಒಂದೇ ಗೆರೆ ಮಾಡಿಬಿಟ್ಟರೆ, ನೀವು ಕೆರೆಯ ನೀರಿನ ಮೇಲೆ ನಡೆದುಹೋದ ಹಾಗೆ ಕಾಣುತ್ತೆ. ತಮಾಷೆ ಅಲ್ಲ. ಆ ಗೆರೆ ನೋಡಿದ ಮುಂದಿನವರು ‘ಇಲ್ಲಿ ಹುಡುಕಿಯಾಗಿದೆ, ಕಲ್ಲು ಇಲ್ಲ’ ಅಂದುಕೊಂಡು ಆ ಹೊಲ ಬಿಟ್ಟುಬಿಡ್ತಾರೆ.

ಹುಡುಕಿದೆವು, ಸಿಗಲಿಲ್ಲ ಎಂಬುದೂ ಮಾಹಿತಿಯೇ. ಚುಕ್ಕೆಯ ನಕ್ಷೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಟ್ರ್ಯಾಕಿನ ಎರಡೂ ಬದಿಗೆ ಇಪ್ಪತ್ತು ಮೀಟರ್ ಪಟ್ಟಿ ಎಳೆದರೆ ನೋಡಿದ ಪ್ರದೇಶ ಸಿಗುತ್ತೆ ಅನ್ನುವವರಿದ್ದಾರೆ. ಡಿಗ್ರಿಯಲ್ಲಿರುವ ಜ್ಯಾಮಿತಿಗೆ 20 ಅಂತ ಕೊಟ್ಟರೆ ಅದು ಇಪ್ಪತ್ತು ಡಿಗ್ರಿ, ಕರ್ನಾಟಕ ದಾಟಿ ಶ್ರೀಲಂಕಾನೂ ನುಂಗುತ್ತೆ. ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿ ಮೀಟರಿನಲ್ಲಿ ಅಳೆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ರಾಗಿ ಕೊಯ್ದ ಹೊಲದಲ್ಲಿ ಇಪ್ಪತ್ತು ಮೀಟರ್ ಕಾಣುತ್ತೆ, ಲಂಟಾನ ಬೆಳೆದ ಬೇಲಿಯ ಆಚೆ ಎರಡು ಮೀಟರೂ ಕಾಣಲ್ಲ. ಬೆಳೆ ಏನಿತ್ತು ಅಂತ ಬರೆಯಲು ಒಂದು ಕಾಲಂ ಇಡಿ, ಆಮೇಲೆ ಪಟ್ಟಿ ಎಳೆಯಿರಿ.

ಕಲ್ಲು ಜಾಗ ಬದಲಿಸುವ ವಿಚಾರ ಇನ್ನೂ ಗಂಭೀರ. ಬೆಂಗಳೂರು–ಮಂಗಳೂರು ಹೆದ್ದಾರಿ ಹಿರೀಸಾವೆ ಮೇಲೇ ಹೋಗುತ್ತೆ. ರಸ್ತೆ ಅಗಲವಾದಾಗ, ಗುಡಿ ಜೀರ್ಣೋದ್ಧಾರವಾದಾಗ, ಜೆಸಿಬಿ ಬಂದಾಗ ಕಲ್ಲು ಎತ್ತಿ ಎಲ್ಲೋ ನಿಲ್ಲಿಸೋದು ನಮ್ಮಲ್ಲಿ ಹೊಸದಲ್ಲ. ಉಪಗ್ರಹ ತೋರಿಸುವುದು ಇವತ್ತಿನ ಜಾಗ, ಸಂಪುಟದಲ್ಲಿರುವುದು ಅಂದಿನದು. ದತ್ತಸಂಚಯದಲ್ಲಿ ಒಂದೇ ಜ್ಯಾಮಿತಿ ಕಾಲಂ ಇಟ್ಟು ಹೊಸದನ್ನು ಹಳೆಯದರ ಮೇಲೆ ಬರೆದರೆ, ಆ ಕಲ್ಲು ಹೇಳುವ ಮೂಡಣ ಪಡುವಣ ಎಲ್ಲ ಸುಳ್ಳಾಗುತ್ತೆ. ಎರಡು ಕಾಲಂ ಬೇಕು, ಪ್ರತಿಯೊಂದಕ್ಕೂ ದಿನಾಂಕ ಬೇಕು. ಮೂಲ ಜಿಪಿಎಕ್ಸ್ ಕಡತವನ್ನು ಮುಟ್ಟದೆ ಬೇರೆ ಇಡಬೇಕು. ಆಮದಿನ ತಪ್ಪು ಮುಂದೆ ಯಾರಾದರೂ ಹಿಡಿದಾಗ ತಿರುಗಿ ಮಾಡೋಕೆ ಅದೊಂದೇ ಆಧಾರ.

ಇಷ್ಟೆಲ್ಲ ಬರೆದ ಮೇಲೆ, ಎಲ್ಲ ಟ್ರ್ಯಾಕನ್ನೂ ಸಾರ್ವಜನಿಕವಾಗಿ ಹಾಕಿ ಅಂತ ನಾನು ಹೇಳ್ತಿಲ್ಲ. ಹೊಲದ ನಡುವೆ ಒಂಟಿಯಾಗಿ ನಿಂತ ವೀರಗಲ್ಲಿಗೆ ನಿಧಿಗಳ್ಳರ ಕಾಟ ಇದೆ. ಅಂಥವುಗಳಿಗೆ ಹೊರಗಿನ ನಕ್ಷೆಯಲ್ಲಿ ಊರಿನ ಹೆಸರು ಸಾಕು; ನಿಖರ ಬಿಂದು, ದಾರಿ ಎರಡೂ ಒಳಗಿನ ಕೋಷ್ಟಕದಲ್ಲಿರಲಿ.