ಮಸಾರಿ ನೆಲದ ಕೆಂಪು ವೈನ್: ರಸಿಕರಿಗೊಂದು ಕೈಪಿಡಿ

ಕೆಂಪು ವೈನನ್ನು ಮೊದಲ ಸಲ ಬಾಯಿಗಿಟ್ಟವರು ನಮ್ಮ ಕಡೆ ಮುಖ ಕಿವುಚುವುದೇ ಹೆಚ್ಚು. ಸಿಹಿ ಇಲ್ಲ, ಒಗರು, ಸಾಲದ್ದಕ್ಕೆ ಉಗುರು ಬೆಚ್ಚಗೆ. ಈ ಮೂರರಲ್ಲಿ ಕೊನೆಯದಷ್ಟೇ ದೋಷ, ಅದೂ ವೈನಿನದಲ್ಲ.

ಕೆಂಪು ವೈನನ್ನು ಕೋಣೆಯ ಶಾಖದಲ್ಲೇ ಕುಡಿಯಬೇಕೆಂಬ ಮಾತು ಯುರೋಪಿನ ಥಂಡಿ ಮನೆಗಳಲ್ಲಿ ಹುಟ್ಟಿದ್ದು. ಅಲ್ಲಿ ಕೋಣೆ ಎಂದರೆ 16ರಿಂದ 18 ಡಿಗ್ರಿ. ಬೇಸಿಗೆಯಲ್ಲಿ 40 ದಾಟುವ ರಾಯಚೂರಿನಲ್ಲಿ ಅದನ್ನೇ ಪಾಲಿಸಿದರೆ ಮದ್ಯಸಾರದ ಘಾಟು ಮೂಗಿಗೆ ಹೊಡೆದು ಹಣ್ಣಿನ ವಾಸನೆ ಅಡಗಿಹೋಗುತ್ತದೆ. ಬಾಟಲಿಯನ್ನು ಗಂಟೆ, ಒಂದೂವರೆ ಗಂಟೆ ಫ್ರಿಜ್‌ನಲ್ಲಿಡಿ. ಐಸ್ ಮಾತ್ರ ಹಾಕಬೇಡಿ.

ಯಾವುದನ್ನು ಕುಡಿಯಬೇಕು? ದೂರ ಹೋಗಬೇಕಿಲ್ಲ. ದೇವದುರ್ಗದವರು ಲಿಂಗಸುಗೂರಿನ ಮೇಲೆ, ಮಾನ್ವಿಯವರು ಸಿಂಧನೂರಿನ ಮೇಲೆ ಕುಷ್ಟಗಿ ತಲುಪಿದರೆ ಆಚೆಗೆ ಹನುಮಸಾಗರ. 1997ರವರೆಗೆ ಅದೂ ನಮ್ಮ ರಾಯಚೂರು ಜಿಲ್ಲೆಯೇ. ಅಲ್ಲಿನ ಗುಡ್ಡದ ಮಗ್ಗುಲಲ್ಲಿ ಹೈದರಾಬಾದಿನ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ದಂಪತಿ ಬೆಳೆಸಿದ ದ್ರಾಕ್ಷಿ ತೋಟವಿದೆ. ಸೀಸೆಯ ಮೇಲೆ ಕ್ರಿಸ್ಮಾ, ಹಂಪಿ ಹಿಲ್ಸ್ ಎಂದಿರುತ್ತದೆ. ಕೆಂಪಿನಲ್ಲಿ ಕ್ಯಾಬರ್ನೆ ಸೊವಿನ್ಯಾನ್ ಮತ್ತು ಸಾಂಜೊವೇಸೆ ತಳಿಗಳು ಮುಖ್ಯ. ದೊಡ್ಡಬಳ್ಳಾಪುರದ ಗ್ರೋವರ್ ವೈನರಿ ಇದಕ್ಕಿಂತ ಹಳೆಯದು, ಹೆಸರೂ ದೊಡ್ಡದು. ಆದರೆ ನಮ್ಮ ಬಿಸಿಲನ್ನೇ ಉಂಡ ಹಣ್ಣಿನ ರುಚಿ ತಿಳಿಯಬೇಕಾದರೆ ಹನುಮಸಾಗರದ್ದೇ ಆಗಬೇಕು.

ಆ ರುಚಿಗೆ ಮಣ್ಣೂ ಕಾರಣ. ಕಪ್ಪು ಎರೆ ಹೊಲದಲ್ಲಿ ನೀರು ನಿಲ್ಲುತ್ತದೆ. ಬಳ್ಳಿ ಸೊಕ್ಕಿ ಎಲೆ ಬಿಡುತ್ತದೆ, ಹಣ್ಣು ಸಪ್ಪೆಯಾಗುತ್ತದೆ. ಕಬ್ಬಿಣದ ಅಂಶವಿರುವ, ಕಲ್ಲು ಬೆರೆತ ಕೆಂಪು ಮಸಾರಿಯಲ್ಲಿ ಬಳ್ಳಿ ಕಷ್ಟಪಡುತ್ತದೆ, ಕಾಯಿ ಸಣ್ಣದಾಗಿ ಸಿಪ್ಪೆಯ ಪಾಲು ಹೆಚ್ಚುತ್ತದೆ. ಬಣ್ಣ ಸಿಪ್ಪೆಯಿಂದಲೇ ಬರಬೇಕು, ಒಗರಿನ ದೊಡ್ಡ ಪಾಲೂ ಅಲ್ಲಿಂದಲೇ. ತಿರುಳಿನ ರಸಕ್ಕೆ ಬಣ್ಣವೇ ಇಲ್ಲ. ಫ್ರಾನ್ಸಿನ ಆವೇರೋನ್ ಸೀಮೆಯಲ್ಲಿ ಮಾರ್ಸಿಯಾಕ್ ಎಂಬ ಪುಟ್ಟ ವೈನ್ ಪ್ರದೇಶವಿದೆ. ಅಲ್ಲಿಯೂ ಕಬ್ಬಿಣದಿಂದ ಕೆಂಪಾದ ಮಣ್ಣು, ಮಾನ್ಸ್ವಾ ಎಂಬ ಒಗರು ದ್ರಾಕ್ಷಿ. ಹೆಸರುವಾಸಿ ಬೋರ್ಡೋ ವೈನಿನ ಗತ್ತು ಅದಕ್ಕಿಲ್ಲ, 1990ರಲ್ಲಷ್ಟೇ ಅದಕ್ಕೆ ಪ್ರದೇಶದ ಅಧಿಕೃತ ಮುದ್ರೆ ದಕ್ಕಿತು. ಅಲ್ಲಿಯ ರೈತರು ಅದನ್ನು ಊಟದ ಜೊತೆ ಕುಡಿಯುತ್ತಾರೆ, ಆಲೂಗಡ್ಡೆ ಗಿಣ್ಣು ಸೇರಿಸಿ ಕಲಸಿದ ಆಲಿಗೋ ಇದ್ದರಂತೂ ಸರಿಯೇ. ನಾವು ಕಲಿಯಬೇಕಾದದ್ದು ಅವರಿಂದ, ಹೋಟೆಲಿನ ಟೈ ಕಟ್ಟಿದವರಿಂದಲ್ಲ.

ಲೋಟದ ಮೂರನೆಯ ಒಂದು ಪಾಲಿನಷ್ಟು ಹಾಕಿ ಮೆಲ್ಲಗೆ ತಿರುಗಿಸಿ, ಮೂಗು ಒಳಗಿಟ್ಟು ಎಳೆದುಕೊಳ್ಳಿ. ಕ್ಯಾಬರ್ನೆಯಲ್ಲಿ ಕಪ್ಪು ಹಣ್ಣಿನ ಜೊತೆ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಸುಳಿಯಬಹುದು. ಅದು ಆ ತಳಿಯ ಗುಣ, ಕೆಟ್ಟದ್ದಲ್ಲ. ಆಮೇಲೆ ಗುಟುಕನ್ನು ಒಡನೆ ನುಂಗದೆ ಬಾಯಲ್ಲಿ ಆಡಿಸಿ. ಸಕ್ಕರೆ ಹುಳಿಬಂದು ಮದ್ಯಸಾರವಾಗಿರುವುದರಿಂದ ಸಿಹಿ ಹುಡುಕಬೇಡಿ. ನುಂಗಿದ ಮೇಲೆ ಒಸಡು ನೇರಳೆ ಹಣ್ಣು ತಿಂದಂತೆ ಬಿಗಿಯುತ್ತದೆ. ಆ ಬಿಗಿತ ಮೆಲ್ಲಗೆ ಸಡಿಲಿ ಹಣ್ಣಿನ ರುಚಿ ಉಳಿದರೆ ವೈನ್ ಒಳ್ಳೆಯದು. ಮರದ ಪುಡಿ ಅಗಿದಂತೆ ಒಣಗಿಯೇ ಉಳಿದರೆ ಅಷ್ಟಕ್ಕಷ್ಟೆ.

ಈ ಒಗರಿಗೆ ಮದ್ದು ಊಟ. ಮಾಂಸದ ಪ್ರೋಟೀನು, ಎಣ್ಣೆಯ ಜಿಡ್ಡು ಅದನ್ನು ಮೆತ್ತಗೆ ಮಾಡುತ್ತವೆ. ಹಾಗಾಗಿ ಕ್ಯಾಬರ್ನೆಗೆ ಮಟನ್, ಇಲ್ಲವೇ ಜೋಳದ ರೊಟ್ಟಿಯ ಜೊತೆ ಶೇಂಗಾ ತುಂಬಿದ ಎಣ್ಣೆಗಾಯಿ. ಪುಂಡಿಪಲ್ಯದ ಹುಳಿಗೆ ಎದುರು ನಿಲ್ಲುವುದು ಸಾಂಜೊವೇಸೆ, ಅದರಲ್ಲೇ ಹುಳಿ ಗಟ್ಟಿ. ಮೆಣಸಿನಕಾಯಿ ಖಾರದ ಚಟ್ನಿಯನ್ನು ಮಾತ್ರ ಅಂದು ದೂರವಿಡಿ. ಖಾರ, ಒಗರು, ಮದ್ಯಸಾರ ಒಂದನ್ನೊಂದು ಕೆರಳಿಸಿ ನಾಲಗೆ ಸುಡುತ್ತವೆ. ರಾಯಚೂರಿನವರಿಗೆ ಇದೇ ಕಷ್ಟದ ನಿಯಮ.

ಮಾನ್ವಿ ಹರಿದಾಸ ಜಗನ್ನಾಥದಾಸರ ಊರು. ಲೋಟದ ಮಾತೆತ್ತಿದರೆ ಹುಬ್ಬೇರಿಸುವವರು ಇದ್ದಾರೆ, ಅವರ ತಕರಾರಿನಲ್ಲಿ ನ್ಯಾಯವೂ ಇದೆ. ಸಿ.ಎಚ್. ಪೌಡರ್ ಎಂಬ ಅಮಲಿನ ರಾಸಾಯನಿಕ ಬೆರೆಸಿದ ಸೇಂದಿ ಎಷ್ಟು ಮನೆ ಹಾಳುಮಾಡಿತೆಂದು ಈ ಜಿಲ್ಲೆಗೆ ಗೊತ್ತು. ವೈನಿನಲ್ಲೂ ಮದ್ಯಸಾರ ಶೇ. 13ರ ಆಸುಪಾಸು ಇರುತ್ತದೆ. ರುಚಿ ನೋಡುವವನಿಗೆ ಒಂದು ಲೋಟ ಸಾಕು, ಮತ್ತು ಬೇಕಾದವನಿಗೆ ಈ ಕೈಪಿಡಿಯೇ ಬೇಡ.

ಕೊಳ್ಳುವಾಗ ಬಿಸಿಲಿಗೆ ಮುಖಮಾಡಿ ನಿಲ್ಲಿಸಿದ ಬಾಟಲಿ ಬಿಡಿ. ಶಾಖಕ್ಕೆ ವೈನ್ ಬೆಂದು, ಬಿರಡೆ ಮೇಲೆದ್ದಿರುತ್ತದೆ. ಕುಡಿದು ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ, ಇಲ್ಲವೇ ಮಟನ್ ಬೇಯುವಾಗ ಸುರಿದುಬಿಡಿ. ಕುಡಿದ ರಾತ್ರಿ ಗಾಡಿ ಮುಟ್ಟಬೇಡಿ.