ಹಾಡಿಗೂ ಒಂದು ಊರಿದೆ

‘ವಿಶ್ವಸಂಗೀತ’ ಎಂಬುದು ಯಾವ ಸಂಪ್ರದಾಯದ ಹೆಸರೂ ಅಲ್ಲ. 1987ರಲ್ಲಿ ಲಂಡನ್ನಿನ ಧ್ವನಿಮುದ್ರಣ ಕಂಪೆನಿಗಳು ಅಂಗಡಿಯ ಕಪಾಟಿಗೆ ಅಂಟಿಸಿದ ಚೀಟಿ. ಮಾಲಿಯ ಹಾಡು, ಬಲ್ಗೇರಿಯದ ಹಾಡು, ನುಸ್ರತ್ ಫತೇ ಅಲಿ ಖಾನರ ಕವ್ವಾಲಿ ಎಲ್ಲವೂ ಅದರಡಿ ಬಂದವು. ದರ್ಗಾದಲ್ಲಿ ದೇವಸ್ಮರಣೆಯಾಗಿದ್ದ ಕವ್ವಾಲಿ ಕಪಾಟಿನಲ್ಲಿ ಬರೀ ತಾಳದ ಅಮಲಾಯಿತು.

ಈ ನಷ್ಟವನ್ನು ತುಂಬಬಲ್ಲವರು ನಿರೂಪಕರು. ಬಿಬಿಸಿ ರೇಡಿಯೊ 3ರಲ್ಲಿ ‘ವರ್ಲ್ಡ್ ಆನ್ 3’ ನಡೆಸಿಕೊಟ್ಟ ಮೇರಿ ಆನ್ ಕೆನಡಿ ಸ್ವತಃ ಗಾಯಕಿ. ಅವರು ಹಾಡುವುದು ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ. ಅಲ್ಲಿ ಅದನ್ನಾಡುವವರು ನಮ್ಮ ಹೊಸಕೋಟೆ ತಾಲೂಕಿನ ಜನರಿಗಿಂತಲೂ ಕಡಿಮೆ. ಸಣ್ಣ ನುಡಿಯಲ್ಲಿ ಹಾಡುವವರಿಗೆ ಪರರ ಹಾಡು ವಿಚಿತ್ರ ವಸ್ತುವಲ್ಲ, ನೆರೆಯವರ ದನಿ.

ನಮಗೂ ಒಂದು ಅವಕಾಶವಿತ್ತು. ವರ್ಲ್ಡ್‌ಸ್ಪೇಸ್ ಉಪಗ್ರಹ ರೇಡಿಯೊದಲ್ಲಿ ಕನ್ನಡದ ‘ಸ್ಪರ್ಶ’, ಉರ್ದುವಿನ ‘ಫಲಕ್’ ಇದ್ದವು. ಆದರೆ ಕೇಳಲು ಪ್ರತ್ಯೇಕ ಸೆಟ್ ಬೇಕು, ಚಂದಾ ಬೇಕು. ಒಂದೊಂದು ನುಡಿಗೂ ಒಂದೊಂದು ಕೋಣೆ. 2009ರ ಕೊನೆಗೆ ಭಾರತದಲ್ಲಿ ಅದೂ ನಿಂತಿತು.

ಇಂದು ಸಮೇತನಹಳ್ಳಿಯ ಮೊಬೈಲಿನಲ್ಲೂ ಜಗತ್ತಿನ ಹಾಡು ಸಿಗುತ್ತದೆ. ಕೊರತೆಯಿರುವುದು ‘ಇದು ಇಂಥವರ ಹಾಡು, ಇಂಥ ನೋವಿನದು’ ಎಂದು ಕನ್ನಡದಲ್ಲಿ ತಿಳಿಸುವ ದನಿಗೆ. ಆಕಾಶವಾಣಿ, ಸಮುದಾಯ ಬಾನುಲಿಗಳು ಈ ಕೆಲಸವನ್ನು ಹಾಡು ಬಲ್ಲವರಿಗೇ ಒಪ್ಪಿಸಬೇಕು. ದೂರದವರ ಹಾಡಿಗೆ ಕಿವಿಗೊಡಲು ಕಲಿತವರು ನೆರೆಯವರ ಪ್ರಾರ್ಥನೆಯನ್ನು ಬರೀ ಸದ್ದೆಂದು ದೂರಲಾರರು.